ಒಂದೇ ರಾತ್ರಿ, ಇಬ್ಬರು ಕೃಷ್ಣರು

ಪ್ರಶ್ನೆ: ನಾನು ಚಿಕ್ಕವನಾಗಿದ್ದಾಗ ‘ಸುಧಾ’ದಲ್ಲಿ ಬರುತ್ತಿದ್ದ ಫ್ಯಾಂಟಮ್ ಓದುವುದಕ್ಕೆ ವಾರವೆಲ್ಲ ಕಾಯುತ್ತಿದ್ದೆ. ಈಗ ನನ್ನ ಮಗ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಕಾಮಿಕ್ಸ್ ಓದುತ್ತಾನೆ. ಒಂದು ಪುಸ್ತಕದಲ್ಲಿ ಸತ್ತವನು ಇನ್ನೊಂದರಲ್ಲಿ ಬದುಕಿರುತ್ತಾನೆ. ಒಂದರಲ್ಲಿ ಸಂಸಾರಸ್ಥ, ಇನ್ನೊಂದರಲ್ಲಿ ಮದುವೆಯೇ ಆಗಿಲ್ಲ. ವೇಷ ಬೇರೆ, ಊರು ಬೇರೆ, ಹುಟ್ಟಿದ ಕಥೆಯೇ ಬೇರೆ. ಹಳೆಯ ನಾಯಕರನ್ನು ಹೀಗೆ ಮನಸ್ಸಿಗೆ ಬಂದಂತೆ ತಿದ್ದುವುದು ಮೂಲಕ್ಕೆ ಬಗೆಯುವ ದ್ರೋಹ ಅಲ್ಲವೆ? ಇನ್ನೊಂದು ಮಾತು. ಮಗ ಚಿತ್ರ ಚೆನ್ನಾಗಿ ಬರೆಯುತ್ತಾನೆ. ಶಿರಾ ಸೀಮೆಯ ಜುಂಜಪ್ಪನನ್ನು ಸೂಪರ್ ಹೀರೋ ಮಾಡಿ ಕಾಮಿಕ್ಸ್ ಬರೀತೀನಿ ಅಂತ ಹಟ ಹಿಡಿದಿದ್ದಾನೆ. ಬಿಡಬಹುದೆ?
– ಓದುಗರೊಬ್ಬರು, ಮಧುಗಿರಿ

ಉತ್ತರ: ಮಗನನ್ನು ಖಂಡಿತ ಬಿಡಿ. ಜುಂಜಪ್ಪನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ದ್ರೋಹದ ಮಾತು.

ನೀವು ಕಾದು ಓದಿದ ಫ್ಯಾಂಟಮ್‌ನನ್ನೇ ತೆಗೆದುಕೊಳ್ಳಿ. ಅಮೆರಿಕದ ಲೀ ಫಾಕ್ ಅವನ ಕಥೆಯನ್ನು ಶುರುಮಾಡಿದ್ದು 1936ರ ಫೆಬ್ರುವರಿ 17ರಂದು. 1999ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದರು. ಮೊದಲ ಕಂತುಗಳಲ್ಲಿ ಜಿಮ್ಮಿ ವೆಲ್ಸ್ ಎಂಬ ಸಿರಿವಂತ ಸೋಮಾರಿ ಯುವಕನೇ ಗುಟ್ಟಾಗಿ ಫ್ಯಾಂಟಮ್ ಆಗಿರಬೇಕು ಎಂದು ಫಾಕ್ ಅಂದುಕೊಂಡಿದ್ದರು. ಕಥೆ ಮುಗಿಯುವ ಮೊದಲೇ ಮನಸ್ಸು ಬದಲಾಯಿಸಿ ನಾಯಕನನ್ನು ಕಾಡಿಗೆ ಕರೆದೊಯ್ದರು. ಅಲ್ಲಿ ಅವನಿಗೆ ನಾಲ್ಕು ಶತಮಾನಗಳ ವಂಶಾವಳಿ ಕಟ್ಟಿಕೊಟ್ಟರು: 1536ರಲ್ಲಿ ಕಡಲುಗಳ್ಳರಿಂದ ತಂದೆಯನ್ನು ಕಳೆದುಕೊಂಡ ಯುವಕ, ತಂದೆಯನ್ನು ಕೊಂದವನ ತಲೆಬುರುಡೆ ಮುಟ್ಟಿ ಮಾಡಿದ ಪ್ರಮಾಣ, ಅಪ್ಪನಿಂದ ಮಗನಿಗೆ ದಾಟುತ್ತ ಬಂದ ಮುಖವಾಡ. ನೀವು ಓದಿದವನು ಆ ಸಾಲಿನ ಇಪ್ಪತ್ತೊಂದನೆಯವನು. ಕಾಡಿನ ಜನರ ಪಾಲಿಗೆ ಮಾತ್ರ ಅವನೊಬ್ಬನೇ, ಸಾವಿಲ್ಲದವನು. ಅವನ ಉಡುಪು ಅಮೆರಿಕದಲ್ಲಿ ನೇರಳೆ, ಇಟಲಿಯಲ್ಲಿ ಕೆಂಪು, ಸ್ವೀಡನ್‌ನಲ್ಲಿ ನೀಲಿ. 1964ರಿಂದ ಮುಂಬಯಿಯಲ್ಲಿ ಬರತೊಡಗಿದ ಇಂದ್ರಜಾಲ ಕಾಮಿಕ್ಸ್ ಅವನ ಕಾಡಿನ ಹೆಸರನ್ನೂ ಡೆಂಕಾಲಿ ಎಂದು ಬದಲಾಯಿಸಿತ್ತು. ನಿಮ್ಮ ಬಾಲ್ಯದ ಆ ‘ಮೂಲ’ ಫ್ಯಾಂಟಮ್ ನಿಮ್ಮ ಕೈಗೆ ಬರುವಷ್ಟರಲ್ಲಿ ಎಷ್ಟೋ ಸಲ ತಿದ್ದಿಸಿಕೊಂಡಿದ್ದ. ನಿಮ್ಮ ಪ್ರೀತಿಗೆ ಅದರಿಂದ ಏನೂ ಕೊರತೆಯಾಗಲಿಲ್ಲ, ಏಕೆಂದರೆ ತಲೆಬುರುಡೆಯ ಮೇಲಿನ ಪ್ರಮಾಣವನ್ನು ಯಾರೂ ಮುಟ್ಟಿರಲಿಲ್ಲ.

ಸೂಪರ್‌ಮ್ಯಾನ್‌ನ ಕಥೆಯೂ ಹೀಗೇ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು 1938ರಲ್ಲಿ ಬೆಳಕಿಗೆ ತಂದ ಸೂಪರ್‌ಮ್ಯಾನ್‌ಗೆ ಹಾರಲು ಬರುತ್ತಿರಲಿಲ್ಲ. ಎತ್ತರದ ಕಟ್ಟಡಗಳನ್ನು ಜಿಗಿದು ದಾಟುತ್ತಿದ್ದ, ಅಷ್ಟೆ. ಹೆಂಡತಿಯನ್ನು ಹೊಡೆಯುವ ಗಂಡನನ್ನು ಹಿಡಿದು ಬಡಿಯುವುದು, ಲಂಚಕೋರ ರಾಜಕಾರಣಿಯನ್ನು ಹೆದರಿಸಿ ಬಾಯಿಬಿಡಿಸುವುದು ಅವನ ಆಗಿನ ಕಸುಬು. ಅವನ ಬಲವನ್ನೆಲ್ಲ ಹಿಂಗಿಸುವ ಆ ಹಸಿರು ಕಲ್ಲು, ಕ್ರಿಪ್ಟೊನೈಟ್, 1943ರಲ್ಲಿ ಮೊದಲು ಬಂದದ್ದು ರೇಡಿಯೊ ನಾಟಕದಲ್ಲಿ. ಕಾಮಿಕ್ಸ್ ಅದನ್ನು ಆಮೇಲೆ ಎರವಲು ತಂದುಕೊಂಡಿತು.

ಇಷ್ಟೆಲ್ಲ ಬದಲಾವಣೆ ಏಕೆ ಬೇಕಾಯಿತು ಎಂದರೆ, ಮುಖ್ಯ ಕಾರಣ ವ್ಯಾಪಾರ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಸೂಪರ್ ಹೀರೋಗಳ ಪುಸ್ತಕಗಳು ಒಂದೊಂದಾಗಿ ನಿಂತವು. 1954ರಲ್ಲಿ, ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂಬ ಕೂಗೆದ್ದು ಸೆನೆಟ್ ವಿಚಾರಣೆ ನಡೆಯಿತು. ಪ್ರಕಾಶಕರು ತಮಗೆ ತಾವೇ ಕಟ್ಟುನಿಟ್ಟಿನ ನಿಯಮಾವಳಿ ಹಾಕಿಕೊಂಡರು. ಅಪರಾಧದ ಮತ್ತು ದೆವ್ವದ ಪುಸ್ತಕಗಳು ಮೂಲೆಗೆ ಬಿದ್ದಾಗ ಆ ಜಾಗ ತುಂಬಲು ಏನಾದರೂ ಬೇಕಿತ್ತು. 1956ರಲ್ಲಿ ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ ಬಳಗ ಫ್ಲ್ಯಾಷ್ ಎಂಬ ಹಳೆಯ ಓಟಗಾರ ವೀರನ ಹೆಸರು ಮತ್ತು ವೇಗವನ್ನು ಮಾತ್ರ ಉಳಿಸಿಕೊಂಡು ಉಳಿದದ್ದೆಲ್ಲ ಹೊಸದು ಮಾಡಿತು. 1940ರ ಫ್ಲ್ಯಾಷ್ ಜೇ ಗ್ಯಾರಿಕ್ ತಲೆಗೆ ಲೋಹದ ಟೋಪಿ ಹಾಕುತ್ತಿದ್ದ. ಹೊಸಬ ಬ್ಯಾರಿ ಆಲೆನ್ ಪೊಲೀಸ್ ಪ್ರಯೋಗಾಲಯದ ವಿಜ್ಞಾನಿ, ಮೈತುಂಬ ಕೆಂಪು ಉಡುಪು. ನನಗೆ ಬಹಳ ಹಿಡಿಸುವ ವಿವರವೊಂದಿದೆ: ಹೊಸ ಫ್ಲ್ಯಾಷ್ ತನ್ನ ಮೊದಲ ಕಥೆಯಲ್ಲೇ ಹಳೆಯ ಫ್ಲ್ಯಾಷ್‌ನ ಕಾಮಿಕ್ಸ್ ಓದುತ್ತ ಕೂತಿರುತ್ತಾನೆ. ಐದು ವರ್ಷದ ನಂತರ, 1961ರಲ್ಲಿ, ಬರಹಗಾರ ಗಾರ್ಡ್ನರ್ ಫಾಕ್ಸ್ ಇಬ್ಬರನ್ನೂ ಒಂದೇ ಕಥೆಯಲ್ಲಿ ಎದುರುಬದುರು ನಿಲ್ಲಿಸಿದರು. ಎರಡು ಭೂಮಿಗಳಿವೆ, ಅವನು ಅಲ್ಲಿಯವನು, ಇವನು ಇಲ್ಲಿಯವನು, ಇಬ್ಬರೂ ನಿಜ. ನಿಮ್ಮ ಮಗ ಓದುವ ಪುಸ್ತಕಗಳಲ್ಲಿ ಒಬ್ಬ ನಾಯಕನಿಗೆ ಹತ್ತಾರು ರೂಪಗಳಿದ್ದರೆ ಅದರ ಬೇರು ಇರುವುದು ಆ ಕಥೆಯಲ್ಲಿ.

ನಿಮ್ಮ ಮಧುಗಿರಿ, ಕೊರಟಗೆರೆ ಕಡೆಯವರಿಗೆ ಇದು ಅರ್ಥವಾಗದ್ದೇನಲ್ಲ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾಗುವ ಹೊತ್ತಿಗೆ ನಿಮ್ಮ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡುತ್ತಾರಲ್ಲ, ಅದರ ಪಾಂಪ್ಲೆಟ್ ಜ್ಞಾಪಿಸಿಕೊಳ್ಳಿ. 1ನೇ ಕೃಷ್ಣ, 2ನೇ ಕೃಷ್ಣ. 1ನೇ ದುರ್ಯೋಧನ, 2ನೇ ದುರ್ಯೋಧನ. ಪಾರ್ಟು ಬೇಕೆನ್ನುವವರು ಹೆಚ್ಚು, ಪಾರ್ಟು ಕಡಿಮೆ. ಅದಕ್ಕೇ ಹಂಚಿಕೊಳ್ಳುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಹೊತ್ತು ಊರಿಗೆ ಬಂದು ಇಬ್ಬರಿಗೂ ಒಂದೇ ಕಂದ, ಅದೇ ಮಟ್ಟು ಕಲಿಸಿರುತ್ತಾರೆ. ರಾತ್ರಿ ನಾಟಕ ಶುರುವಾಗುತ್ತದೆ. ಮೊದಲ ಕೃಷ್ಣ ತೆಳ್ಳಗೆ, ಉದ್ದಕ್ಕೆ, ಕಂಠ ಮೇಲಿನ ಶ್ರುತಿಗೆ ಸಲೀಸಾಗಿ ಏರುವಂಥದ್ದು. ನಡುರಾತ್ರಿ ದಾಟಿ ಸಂಧಾನದ ಸೀನಿಗೆ ಬರುವ ಕೃಷ್ಣ ಗಿಡ್ಡ, ದಪ್ಪ, ಹಾಡಿಗಿಂತ ಮಾತಿನಲ್ಲಿ ಗಟ್ಟಿಗ. ಕಂಬಳಿ ಹೊದ್ದು ಕೂತ ಒಬ್ಬರಾದರೂ ಇವನ್ಯಾರು ಎಂದು ಕೇಳುವುದಿಲ್ಲ. ನೆಂಟರು ರಂಗಕ್ಕೆ ಹತ್ತಿ ಅವನಿಗೂ ನೋಟಿನ ಹಾರ ಹಾಕುತ್ತಾರೆ, ಇವನಿಗೂ ಹಾಕುತ್ತಾರೆ. ಎದ್ದ ಕೂಗು ಎರಡು ಸಲವೂ ಒಂದೇ, ‘ಒನ್ಸ್‌ಮೋರ್’.

ಹಾಗಂತ ಅವರು ಏನನ್ನಾದರೂ ಒಪ್ಪುತ್ತಾರೆಯೆ? ಇಲ್ಲ. ಎರಡನೇ ದುರ್ಯೋಧನ ಬಂದು ಛಲ ಬಿಟ್ಟು ರಾಜ್ಯ ಹಂಚಿಕೊಳ್ಳೋಣ ಎಂದರೆ ಆ ಕ್ಷಣವೇ ಗದ್ದಲ ಏಳುತ್ತದೆ. ಮೈಕಟ್ಟು, ಧ್ವನಿ, ಕಿರೀಟದ ರೇಕು, ಹಿಂದಿನ ಪರದೆ, ಇವೆಲ್ಲ ಆಡುವವನಿಗೆ ಬಿಟ್ಟದ್ದು. ದುರ್ಯೋಧನನ ಛಲ, ಕರ್ಣ ತಿಂದ ಅನ್ನದ ಋಣ, ಇವು ಊರಿನವು. ಈ ಗೆರೆ ಎಲ್ಲಿದೆ ಎಂಬುದು ಹಳ್ಳಿಯ ಪ್ರೇಕ್ಷಕರಿಗೆ ಯಾರೂ ಹೇಳಿಕೊಡದೆ ಗೊತ್ತಿದೆ. ನ್ಯೂಯಾರ್ಕಿನ ಸಂಪಾದಕರು ಅದನ್ನು ಪ್ರತಿ ಸಲ ಎಡವಿಯೇ ಕಲಿಯುತ್ತಾರೆ.

ಎಡವಿದ್ದಕ್ಕೆ ಎರಡು ಉದಾಹರಣೆ ಸಾಕು. 1997ರಲ್ಲಿ ಸೂಪರ್‌ಮ್ಯಾನ್‌ನ ಕೆಂಪು ಹೊದಿಕೆ ತೆಗೆದು ಅವನನ್ನು ನೀಲಿ ವಿದ್ಯುತ್ತಿನ ಮನುಷ್ಯನನ್ನಾಗಿ ಮಾಡಿದರು. ಓದುಗರಿಗೆ ಹಿಡಿಸಲಿಲ್ಲ, ಮರುವರ್ಷವೇ ಹಳೆಯ ರೂಪ ವಾಪಸು ಬಂತು. ಅದು ಬರೀ ವೇಷದ ತಪ್ಪು, ಕ್ಷಮಿಸಬಹುದು. 2007ರಲ್ಲಿ ಸ್ಪೈಡರ್‌ಮ್ಯಾನ್‌ಗೆ ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಪೀಟರ್ ಪಾರ್ಕರ್‌ಗೆ 1987ರಲ್ಲಿ ಮದುವೆಯಾಗಿತ್ತು. ಸಂಸಾರಸ್ಥನಾದರೆ ವಯಸ್ಸಾದವನಂತೆ ಕಾಣುತ್ತಾನೆ ಎಂಬ ಚಿಂತೆ ಕಂಪನಿಗೆ. ಸಾಯುತ್ತಿರುವ ಚಿಕ್ಕಮ್ಮನನ್ನು ಬದುಕಿಸಲು ಪೀಟರ್ ಸೈತಾನನಂಥವನ ಜತೆ ಒಪ್ಪಂದ ಮಾಡಿಕೊಂಡು ತನ್ನ ಮದುವೆಯನ್ನೇ ಕಾಲದಿಂದ ಅಳಿಸಿಹಾಕಿದ ಎಂದು ಬರೆಸಿದರು. ತಾನು ತೋರಿದ ಅಸಡ್ಡೆಯಿಂದ ಚಿಕ್ಕಪ್ಪ ಸತ್ತ, ಆ ಹೊಣೆ ಜೀವನಪೂರ್ತಿ ತನ್ನದು ಎಂದು ನಂಬಿ ನಡೆದವನು ಸ್ಪೈಡರ್‌ಮ್ಯಾನ್. ಅಂಥವನು ನೋವಿನಿಂದ ತಪ್ಪಿಸಿಕೊಳ್ಳಲು ಹೀಗೊಂದು ವ್ಯಾಪಾರಕ್ಕೆ ಇಳಿದರೆ ಉಳಿಯುವುದೇನು? ನೀವು ಕೇಳಿದ ದ್ರೋಹ ಎಂಬ ಮಾತನ್ನು ನಾನು ಈ ಕಥೆಗೆ ಸಂಕೋಚವಿಲ್ಲದೆ ಬಳಸುತ್ತೇನೆ.

ಇನ್ನು ಚೆನ್ನಾಗಿ ಮಾಡಿದ್ದರ ಬಗ್ಗೆ. ಕಾಮಿಕ್ಸ್ ಲೋಕದಲ್ಲಿ ಹಳೆಯ ಪಾತ್ರಕ್ಕೆ ಹೊಸ ಜೀವ ಕೊಟ್ಟ ಕಥೆಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ‘ಸ್ವಾಂಪ್ ಥಿಂಗ್’. ಜೌಗಿನಲ್ಲಿ ಬಾಳುವ, ಬೇರು ಬಳ್ಳಿಗಳೇ ಮೈಯಾದ ಜೀವಿ ಅದು. 1970ರ ದಶಕದ ಮೂಲ ಕಥೆಯ ಪ್ರಕಾರ ಅಲೆಕ್ ಹಾಲೆಂಡ್ ಎಂಬ ವಿಜ್ಞಾನಿ ಪ್ರಯೋಗಾಲಯದ ಸ್ಫೋಟದಲ್ಲಿ ಸುಟ್ಟು ಜೌಗಿಗೆ ಬಿದ್ದು ಹಾಗಾದವನು. ಮತ್ತೆ ಮನುಷ್ಯನಾಗುವುದೇ ಅವನ ಆಸೆ. ಆಸೆ ಕೈಗೂಡಿದರೆ ಪುಸ್ತಕ ಮುಗಿಯುತ್ತದೆ, ಕೈಗೂಡದಿದ್ದರೆ ಓದುಗರಿಗೆ ಬೇಸರ. 1984ರಲ್ಲಿ ಇಂಗ್ಲೆಂಡಿನ ಬರಹಗಾರ ಅಲನ್ ಮೂರ್ 21ನೇ ಸಂಚಿಕೆ ಬರೆದರು. ಸತ್ತುಬಿದ್ದಂತಿರುವ ಆ ಜೀವಿಯ ದೇಹವನ್ನು ಒಬ್ಬ ವಿಜ್ಞಾನಿ ಮೇಜಿನ ಮೇಲೆ ಮಲಗಿಸಿ ಕೊಯ್ಯುತ್ತಾನೆ. ಒಳಗೆ ಶ್ವಾಸಕೋಶದ ಆಕಾರದ್ದೊಂದು ಸಿಗುತ್ತದೆ, ಅದರಿಂದ ಉಸಿರಾಡಲಾಗದು. ಮಿದುಳಿನ ಆಕಾರದ್ದೊಂದು ಸಿಗುತ್ತದೆ, ಅದರಿಂದ ಯೋಚಿಸಲಾಗದು. ಎಲ್ಲವೂ ನಾರು, ಎಲ್ಲವೂ ಗಿಡ. ಕೊನೆಗೆ ಅವನಿಗೆ ಹೊಳೆಯುತ್ತದೆ: ಹಾಲೆಂಡ್ ಆ ರಾತ್ರಿಯೇ ಸತ್ತುಹೋದ. ಅವನ ದೇಹವನ್ನುಂಡ ಜೌಗಿನ ಗಿಡಗಳು ಅವನ ನೆನಪನ್ನೂ ಉಂಡು, ತಾವೇ ಹಾಲೆಂಡ್ ಎಂದು ನಂಬಿ ಮನುಷ್ಯನ ಆಕಾರಕ್ಕೆ ಬೆಳೆದು ನಿಂತಿವೆ. ಮತ್ತೆ ಮನುಷ್ಯನಾಗುವ ಮಾತೇ ಇಲ್ಲ, ಅದು ಯಾವತ್ತೂ ಮನುಷ್ಯನಾಗಿರಲಿಲ್ಲ.

ಹಿಂದಿನ ಒಂದು ಘಟನೆಯನ್ನೂ ಮೂರ್ ಅಳಿಸಲಿಲ್ಲ ಎಂಬುದನ್ನು ಗಮನಿಸಿ. ಹಿಂದಿನ ಸಂಚಿಕೆಗಳಲ್ಲಿ ನಡೆದದ್ದೆಲ್ಲ ನಡೆದೇ ಇದೆ, ಅದರ ಅರ್ಥ ಮಾತ್ರ ಬುಡಸಮೇತ ಬದಲಾಯಿತು. ಕೃಷ್ಣ ಕರ್ಣನನ್ನು ಪಕ್ಕಕ್ಕೆ ಕರೆದು ನೀನು ಕುಂತಿಯ ಮಗ ಎಂದು ಹೇಳುವ ಗಳಿಗೆಯಲ್ಲಿ ಆಗುವುದೂ ಇದೇ ಅಲ್ಲವೆ? ಕರ್ಣನ ಹಿಂದಿನ ಬಾಳು ಎಳ್ಳಷ್ಟೂ ಬದಲಾಗುವುದಿಲ್ಲ. ಆದರೂ ಪಟ್ಟ ಅವಮಾನ, ಸಿಕ್ಕಿದ ಸ್ನೇಹ, ಹಿಡಿದ ಬಿಲ್ಲು ಎಲ್ಲಕ್ಕೂ ಬೇರೆ ಬಣ್ಣ ಬರುತ್ತದೆ. ನಿಮ್ಮ ಮಗನಿಗೆ ಒಂದೇ ಒಂದು ಪಾಠ ಹೇಳಿಕೊಡಬೇಕೆಂದರೆ ನಾನು ಈ ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟು ಹೇಳಿಕೊಡುತ್ತೇನೆ.

ಹಾಗೆಯೇ, ಹಳೆಯದನ್ನು ಮುರಿದು ಕಟ್ಟುವುದು ಅಮೆರಿಕದವರು ಕಂಡುಹಿಡಿದದ್ದಲ್ಲ. 941ರ ಸುಮಾರಿಗೆ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿ ಭಾರತ ಬರೆದ. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ಅಷ್ಟು ದೂರ ಹೋದ ಕವಿಯೂ ಕರ್ಣನ ಹತ್ತಿರ ಬಂದಾಗ ಕೈ ತಡೆದುಕೊಂಡ. ನಾಯಕನ ಎದುರಾಳಿ ಎಂದು ಅವನನ್ನು ಕುಗ್ಗಿಸಲಿಲ್ಲ.

ವಿಕ್ರಮರಾಜನ ಕಥೆ ಇನ್ನೂ ಸ್ವಾರಸ್ಯದ್ದು. ಬಹಳ ಕಾಲದಿಂದ ನಡೆದುಬಂದಿರುವ ನಮ್ಮ ಸೂಪರ್ ಹೀರೋ ಯಾರು ಎಂದು ಕೇಳಿದರೆ ನಾನು ಅವನ ಹೆಸರು ಹೇಳುತ್ತೇನೆ. 11ನೇ ಶತಮಾನದಲ್ಲಿ ಸೋಮದೇವನ ಕಥಾಸರಿತ್ಸಾಗರದಲ್ಲಿ ಬೇತಾಳನ ಕಥೆಗಳು ಇಪ್ಪತ್ತೈದು, ಹೆಣ ಹೊರುವ ರಾಜನ ಹೆಸರು ತ್ರಿವಿಕ್ರಮಸೇನ. ‘ಚಂದಮಾಮ’ ಕನ್ನಡದಲ್ಲಿ ಬರಲು ಶುರುವಾದದ್ದು 1949ರಲ್ಲಿ. ಮುಂದೆ ಅದರಲ್ಲಿ ಬೇತಾಳ ಕಥೆ ತಿಂಗಳು ತಿಂಗಳೂ ಬರತೊಡಗಿದಾಗ ಇಪ್ಪತ್ತೈದು ಎಷ್ಟು ದಿನಕ್ಕೆ ಸಾಕು? ಬರೆಯುವವರು ಬೇರೆ ಬೇರೆ ಕಥೆಗಳನ್ನು ತಂದು ಅದೇ ಚೌಕಟ್ಟಿಗೆ ಕೂರಿಸುತ್ತ ದಶಕಗಳ ಕಾಲ ನಡೆಸಿದರು. ಚಿತ್ರಕಾರ ಶಂಕರ್ ಬರೆದ ಆ ಚಿತ್ರ, ಹೆಗಲ ಮೇಲೆ ಶವ, ಕೈಯಲ್ಲಿ ಹಿರಿದ ಕತ್ತಿ, ಮುಖದಲ್ಲಿ ಭಯದ ಸುಳಿವಿಲ್ಲ, ಎರಡು ಮೂರು ತಲೆಮಾರಿನವರ ಕಣ್ಣಲ್ಲಿ ಹಾಗೆಯೇ ಇದೆ.

ಅದೇ ವಿಕ್ರಮನನ್ನು ಪಾವಗಡದಲ್ಲಿ ನೋಡಿ. ಅಲ್ಲಿನ ಶನೈಶ್ಚರನ ಗುಡಿಗೆ ಶ್ರಾವಣ ಶನಿವಾರ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಶನಿ ಮಹಾತ್ಮೆಯ ಕಥೆ ಮನೆಗಳಲ್ಲಿ ಓದಿಸಿಕೊಳ್ಳುತ್ತದೆ, ನಾಟಕವಾಗಿ ರಂಗ ಏರುತ್ತದೆ. ಆ ಕಥೆಯ ವಿಕ್ರಮನಿಗೆ ಕತ್ತಿ ಹಿಡಿಯಲು ಕೈಯೇ ಇಲ್ಲ. ಮಾಡದ ಕಳ್ಳತನದ ಆರೋಪ ಹೊತ್ತು, ಕೈಕಾಲು ಕಡಿಸಿಕೊಂಡು, ಗಾಣದವನ ಆಸರೆಯಲ್ಲಿ ಎತ್ತು ಹೊಡೆಯುತ್ತ ಕೂತವನು ಅವನು. ದೀಪಕ ರಾಗ ಹಾಡಿದಾಗ ಊರ ದೀಪಗಳು ತಾವೇ ಹೊತ್ತಿಕೊಳ್ಳುತ್ತವೆ. ಒಬ್ಬನೇ ರಾಜ, ಒಂದು ಕಡೆ ಸ್ಮಶಾನಕ್ಕೂ ಅಂಜದ ಗಂಡು, ಇನ್ನೊಂದು ಕಡೆ ಗಾಣದ ಮೇಲಿನ ಕೈಯಿಲ್ಲದ ಮನುಷ್ಯ. ಎರಡು ಕಡೆಯೂ ಅವನು ಒಪ್ಪಿಕೊಂಡ ಕೆಲಸವನ್ನು ನಡುವೆ ಬಿಟ್ಟು ಏಳುವುದಿಲ್ಲ. ಬೇತಾಳ ಎಷ್ಟು ಸಲ ಮರಕ್ಕೆ ಹಾರಿದರೂ ಮತ್ತೆ ಹೋಗಿ ಇಳಿಸುತ್ತಾನೆ. ಏಳೂವರೆ ವರ್ಷ ಕಳೆಯಬೇಕೆಂದರೆ ಕಳೆಯುತ್ತಾನೆ. ಪಾವಗಡದಂಥ ಬರದ ಸೀಮೆಯಲ್ಲಿ ಕತ್ತಿ ಹಿಡಿದ ವಿಕ್ರಮನಿಗಿಂತ ಗಾಣದ ವಿಕ್ರಮ ಜನರಿಗೆ ಹತ್ತಿರದವನಾದದ್ದು ನನಗೆ ಸಹಜವಾಗಿಯೇ ತೋರುತ್ತದೆ.

ಸ್ಪೈಡರ್‌ಮ್ಯಾನ್‌ಗೆ ಹೀಗೆ ನಮ್ಮ ನೆಲದ ರೂಪ ಕೊಡುವ ಪ್ರಯತ್ನವೂ ನಡೆದಿದೆ, ಅದರಲ್ಲಿ ಬೆಂಗಳೂರಿನ ಪಾಲೂ ಇದೆ. 2004ರಲ್ಲಿ ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಬೆಂಗಳೂರಿನ ಚಿತ್ರಕಾರ ಜೀವನ್ ಕಾಂಗ್ ಸೇರಿ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ತಂದರು. ಪೀಟರ್ ಪಾರ್ಕರ್ ಇಲ್ಲಿ ಪವಿತ್ರ ಪ್ರಭಾಕರ್, ಹಳ್ಳಿಯಿಂದ ಮುಂಬಯಿಗೆ ಓದಲು ಬಂದ ಹುಡುಗ. ಜೇಡ ಕಚ್ಚುವುದಿಲ್ಲ, ಯೋಗಿಯೊಬ್ಬ ಶಕ್ತಿ ಕೊಡುತ್ತಾನೆ. ಸೊಂಟಕ್ಕೆ ಪಂಚೆ. ಚಿಕ್ಕಪ್ಪನ ಹೆಸರು ಭೀಮ. ಇಷ್ಟೆಲ್ಲ ಬದಲಾಯಿಸಿದವರು ಒಂದನ್ನು ಮುಟ್ಟಲಿಲ್ಲ. ಕೂಗಿಕೊಂಡ ಹೆಂಗಸೊಬ್ಬಳ ನೆರವಿಗೆ ಪವಿತ್ರ ಹೋಗದೆ ಮುಂದೆ ಸಾಗುತ್ತಾನೆ, ಚಿಕ್ಕಪ್ಪ ಹೋಗಿ ಪ್ರಾಣ ಕಳೆದುಕೊಳ್ಳುತ್ತಾನೆ. ನಾಲ್ಕೇ ಸಂಚಿಕೆಯ ಆ ಪುಸ್ತಕ ಒಂದಷ್ಟು ಕಡೆ ಪ್ರವಾಸಿಗರ ಕಣ್ಣಿನ ಭಾರತದಂತೆ ಕಾಣುತ್ತದೆ ಎಂಬುದು ನಿಜ. ಆದರೂ ಆ ಹುಡುಗ ಉಳಿದುಕೊಂಡ. 2023ರ ಸ್ಪೈಡರ್‌ಮ್ಯಾನ್ ಅನಿಮೇಷನ್ ಸಿನಿಮಾದಲ್ಲಿ ಅವನನ್ನು ಜಗತ್ತೇ ನೋಡಿತು. ನಿಮ್ಮ ಮಗ ಆಗಲೇ ನೋಡಿರಬೇಕು.

ಈಗ ಜುಂಜಪ್ಪ. ಇಲ್ಲಿ ಎಚ್ಚರ ಎಂದೆನಲ್ಲ, ಅದಕ್ಕೆ ಕಾರಣ ಒಡೆತನ. ಸೀಗಲ್ ಮತ್ತು ಶುಸ್ಟರ್ 1938ರಲ್ಲಿ ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಆಮೇಲೆ ಅವನಿಗೆ ಏನು ಮಾಡಬೇಕೆಂದು ತೀರ್ಮಾನಿಸಿದ್ದು ಕಂಪನಿ. ಜುಂಜಪ್ಪನನ್ನು ಯಾರೂ ಯಾರಿಗೂ ಬರೆದುಕೊಟ್ಟಿಲ್ಲ. ಅವನು ಕಾಡುಗೊಲ್ಲರ ವೀರ, ಅವರ ದೇವರು. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಇವತ್ತಿಗೂ ಪೂಜೆಗೊಳ್ಳುವವನು. ದನ ಕಾಯುತ್ತ ಬೆಳೆದ ಚಿನ್ನಮ್ಮನ ಮಗ, ಸೋದರಮಾವಂದಿರ ಹಗೆಯನ್ನು ಎದುರಿಸಿದವನು, ಬಡಮೈಲನೆಂಬ ಎತ್ತನ್ನು ಜೀವದಂತೆ ಸಾಕಿದವನು. ಅವನ ಕಾವ್ಯ ಹಾಡುವವರು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು ಊದುತ್ತಾರೆ. ಒಂದಷ್ಟು ಹೊತ್ತು ಗಣೆ, ಆಮೇಲೆ ಹಾಡು, ಮತ್ತೆ ಗಣೆ. ಅದು ಬರೀ ವಾದ್ಯವಲ್ಲ, ಪೂಜೆಯ ವಸ್ತು.

ಹಾಡುವವರು ಪ್ರತಿ ರಾತ್ರಿಯೂ ಕಥೆಯನ್ನು ಹೊಸದಾಗಿ ಕಟ್ಟುತ್ತಾರೆ. ಎಲ್ಲಿ ಹಿಗ್ಗಿಸಬೇಕು, ಯಾವುದನ್ನು ಬೇಗ ದಾಟಿಸಬೇಕು ಎಂಬುದು ಕೂತ ಜನರನ್ನು ನೋಡಿ ಆಗುವ ತೀರ್ಮಾನ. ಆದ್ದರಿಂದ ಜುಂಜಪ್ಪನ ಕಥೆಯನ್ನು ಹೊಸದಾಗಿ ಹೇಳಬಾರದು ಎಂದು ನಾನು ಹೇಳಲಾರೆ. ಹೇಳುವುದು ಇಷ್ಟೆ: ಹಾಡುವವರು ತಮ್ಮ ಎದುರು ಕೂತವರಿಗೆ ಉತ್ತರ ಕೊಡಬೇಕಾಗುತ್ತದೆ, ನಿಮ್ಮ ಮಗನೂ ಅವರಿಗೇ ಉತ್ತರ ಕೊಡಬೇಕು. ಗೊಲ್ಲರಹಟ್ಟಿಯ ಹಿರಿಯರಿಗೆ ತೋರಿಸಲಾಗದ ಚಿತ್ರವನ್ನು ಅವನು ಅಚ್ಚಿಗೆ ಕೊಡಬಾರದು.

ಕೈಯಿಂದ ಬೆಂಕಿ ಉಗುಳಿಸುವುದು, ಬೆನ್ನಿಗೆ ಕೆಂಪು ಹೊದಿಕೆ ಕಟ್ಟುವುದು ಬೇಡ ಅನ್ನಿ. ಅದು ದೇವರಿಗೆ ಅವಮಾನ ಎಂದಲ್ಲ, ಜುಂಜಪ್ಪನಿಗೆ ಅದು ಬೇಕಾಗಿಲ್ಲ ಎಂದು. ದನಗಾಹಿಯ ಬಲ ಬೇರೆ ರೀತಿಯದು: ಯಾವ ಹಸು ಎಲ್ಲಿ ತಪ್ಪಿಸಿಕೊಂಡಿದೆ, ಯಾವ ಗುಡ್ಡದ ಹಿಂದೆ ನೀರಿದೆ, ಮೋಡ ಯಾವ ಕಡೆಗೆ ವಾಲಿದೆ ಎಂದು ತಿಳಿಯುವ ಬಲ. ಮಳೆ ಕೈಕೊಟ್ಟ ಶಿರಾ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಶಕ್ತಿ ಯಾವುದಿದೆ? ಕಥೆಯನ್ನು ಇವತ್ತಿನ ಕಾಲಕ್ಕೆ ತರುತ್ತೇನೆ ಎಂದರೆ ತರಲಿ. ಕಾವಲು ಭೂಮಿಗೆ ಬೇಲಿ ಬಿದ್ದಿದೆ, ಹೆದ್ದಾರಿ ನಡುವೆ ಹಾದಿದೆ, ಪಾವಗಡದ ತಿರುಮಣಿ ಕಡೆ ಕಣ್ಣು ಹಾಯುವವರೆಗೂ ಸೋಲಾರ್ ಫಲಕಗಳು. ಅಲ್ಲಿ ಮಂದೆ ಹೊಡೆದುಕೊಂಡು ಹೋಗುವ ಜುಂಜಪ್ಪನಿಗೆ ಹೇಳಲು ಬೇಕಾದಷ್ಟು ಕಥೆಯಿದೆ. ಆದರೆ ಮಾವಂದಿರ ಹಗೆ ಹಾಗೇ ಇರಲಿ, ಬಡಮೈಲನನ್ನು ಬೈಕು ಮಾಡದಿರಲಿ.

ಚಿತ್ರ ಶುರುಮಾಡುವ ಮೊದಲು ಗಣೆ ಊದುವವರು ಯಾರಿದ್ದಾರೆಂದು ವಿಚಾರಿಸಿ ಅಪ್ಪ ಮಗ ಇಬ್ಬರೂ ಹೋಗಿ ಒಂದು ಪೂರ್ತಿ ರಾತ್ರಿ ಕೇಳಿ. ಗಣೆ ಹಿಡಿಯುವ ಕೈ, ಊದುವಾಗ ಕೆನ್ನೆ, ಕೇಳುತ್ತ ಕೂತವರ ಮುಖ, ಇವನ್ನು ಅವನು ಅಲ್ಲೇ ಬರೆದುಕೊಳ್ಳಲಿ. ಮೊಬೈಲಿನಲ್ಲಿ ಫೋಟೊ ತೆಗೆಯುವ ಮುಂಚೆ ಅವರನ್ನು ಕೇಳಲಿ. ಹಟ್ಟಿಯ ಒಳಗೆ ಚಪ್ಪಲಿ ಎಲ್ಲಿ ಬಿಡಬೇಕೆಂದು ಅವರೇ ಹೇಳುತ್ತಾರೆ. ಮೊದಲ ಹತ್ತು ಪುಟ ಆದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಆಸೆಯಿಂದ ಓದುತ್ತೇನೆ.